ಗಂಟೆ ಇಲ್ಲದ ಸಭೆ

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದು ಎಂದುಕೊಂಡವಳು ವೆರ್ಲಾ. ಕೆನಡಾದ ಸಸ್ಕಾಚೆವನ್ನಿನ ಆ ಪುಟ್ಟ ಊರಿನ ಸಮುದಾಯ ಭವನದ ಸಭೆಗಳನ್ನು ಹದಿನೆಂಟು ವರ್ಷ ಅವಳೇ ನಡೆಸಿದ್ದಳು. ಯಾರು ಏನು ಮಾತಾಡಬೇಕೆಂದು ಅವಳೇ ಗೊತ್ತುಮಾಡುವಳು. ಮಾತು ಉದ್ದವಾದರೆ ಗಂಟೆ ಬಾರಿಸುವಳು. ಬರುಬರುತ್ತ ಜನ ಬರುವುದನ್ನೇ ಬಿಟ್ಟರು. ಬಳಸುವವರಿಲ್ಲದ ಭವನಕ್ಕೆ ಬೇಸಿಗೆಯಲ್ಲಿ ಬೀಗ ಎಂದು ಪುರಸಭೆ ಹೇಳಿತು. ತನ್ನ ಮದುವೆಯ ಊಟ ನಡೆದ ಜಾಗವೆಂದು ವೆರ್ಲಾ ಸಿಕ್ಕಸಿಕ್ಕವರನ್ನೆಲ್ಲ ಉಪಾಯ ಕೇಳಿದಳು.

ಲೈಬ್ರರಿಯಲ್ಲಿ ಕೆಲಸ ಮಾಡುವ ಜನೆಲ್ ಬೇರೆ ದಾರಿ ತೋರಿಸಿದಳು. ಗೋಡೆ ಖಾಲಿ ಇರಲಿ. ಬಂದವರೇ ತಮಗೆ ಬೇಕಾದ ವಿಷಯ ಬರೆದು ಅಂಟಿಸಿ ಒಂದೊಂದು ಮೂಲೆ ಹಿಡಿಯಲಿ. ಇಷ್ಟವಿದ್ದಲ್ಲಿ ಕೂರಲಿ, ಬೇಸರವಾದರೆ ಎದ್ದು ಬೇರೆ ಮೂಲೆಗೆ ಹೋಗಲಿ. ಅದರಲ್ಲಿ ಅವಮಾನವೇನಿಲ್ಲ.

"ಮತ್ತೆ ನನ್ನ ಗಂಟೆ?"

"ಅದು ಮನೇಲೇ ಇರ್ಲಿ, ವೆರ್ಲಾ."

ಹಿಮ ಬೀಳುತ್ತಿದ್ದ ಭಾನುವಾರ ಇಪ್ಪತ್ತು ಮೂವತ್ತು ಜನ ಬಂದರು. ವೆರ್ಲಾ ಎಲ್ಲರಿಗಿಂತ ಮೊದಲು 'ಭವನ ಉಳಿಸುವುದು ಹೇಗೆ?' ಎಂದು ಅಂಟಿಸಿದಳು. ಆಮೇಲೆ ಮೈಲೋ ಎದ್ದ. ಶರತ್ಕಾಲದಲ್ಲಿ ಹೆಂಡತಿ ಸೋನ್ಯಾಳನ್ನು ಕಳೆದುಕೊಂಡವನು, ಯಾವ ಸಭೆಯಲ್ಲೂ ಬಾಯಿಬಿಟ್ಟವನಲ್ಲ. 'ಒಬ್ಬನೇ ಕೂತು ಊಟ ಮಾಡೋಕಾಗ್ತಿಲ್ಲ' ಎಂದು ಬರೆದು, ಯಾರ ಮುಖವನ್ನೂ ನೋಡದೆ ಅಡುಗೆಮನೆಯ ಬಾಗಿಲ ಬಳಿ ಕೂತ.

ವೆರ್ಲಾಳ ಮೂಲೆಗೆ ಬಂದವರು ನಾಲ್ವರು. ಅವಳು ಪುರಸಭೆಯ ನಿಯಮ ವಿವರಿಸುತ್ತಿದ್ದಂತೆ ಒಬ್ಬೊಬ್ಬರೇ ಎದ್ದು ಮೈಲೋನ ಕಡೆ ಹೋದರು. ಖಾಲಿ ಕುರ್ಚಿಗಳ ನಡುವೆ ಅವಳೊಬ್ಬಳೇ ಉಳಿದಳು. ಕೈ ಗಂಟೆಗಾಗಿ ತಡಕಾಡಿತು. ಸಿಟ್ಟು ಬಂತು, ಅಳುವೂ ಬಂತು. ಭವನ ಮುಳುಗುತ್ತಿರುವಾಗ ಇವರಿಗೆ ಊಟದ ಚಿಂತೆ!

ಅತ್ತ ನಗು ಕೇಳಿಸಿತು. ಒಬ್ಬ ಮುದುಕಿ ಮೈಲೋನನ್ನು ಛೇಡಿಸುತ್ತಿದ್ದಳು.

"ಬೀಟ್‌ರೂಟ್ ಸೂಪಿಗೆ ಸಬ್ಬಸಿಗೆ ಮೊದಲೇ ಹಾಕಿದ್ಯೇನಪ್ಪಾ? ಅದಕ್ಕೇ ನಿನ್ನ ನಾಯಿನೂ ಮೂಸಲ್ಲ."

"ಸೋನ್ಯಾ ಇದ್ದಾಗ ನಾನು ಒಲೆ ಹತ್ರ ಹೋದವನೇ ಅಲ್ಲ," ಎಂದ ಮೈಲೋ.

"ನಾನೂ ಮನೇಲಿ ಒಬ್ಳೇ ತಿನ್ನೋದು ಕಣೋ. ಇಲ್ಲೇ ಅಡುಗೆಮನೆ ಇದೆಯಲ್ಲ. ಗುರುವಾರ ಗುರುವಾರ ಸೇರಿ ಬೇಯಿಸ್ಕೊಂಡು ತಿನ್ನೋಣ."

"ನಾನೂ ಬರ್ತೀನಿ," ಎಂದರು ಮೂರ್ನಾಲ್ಕು ಮಂದಿ.

ವೆರ್ಲಾ ಅತ್ತ ಕಿವಿಗೊಟ್ಟಳು. ಬಳಸುವವರಿಲ್ಲ ಎಂದಲ್ಲವೇ ಬೀಗ? ಗುರುವಾರ ಗುರುವಾರ ಇಲ್ಲಿ ಒಲೆ ಉರಿದರೆ? ಅವಳು ಎದ್ದು, ಕುರ್ಚಿ ಎಳೆದುಕೊಂಡು ಆ ಮೂಲೆಗೆ ನಡೆದಳು. ಮೈಲೋ ಸರಿದು ಜಾಗ ಕೊಟ್ಟ.

"ನಿನ್ನ ವಿಷಯ ಏನಾಯ್ತೆ?" ಎಂದು ಕೇಳಿದ.

"ಇಲ್ಲೇ ನಡೀತಾ ಇದೆಯಲ್ಲ," ಎಂದಳು ವೆರ್ಲಾ, ಕಣ್ಣೊರೆಸಿಕೊಂಡು. "ಗುರುವಾರ ಬಾಗಿಲು ನಾನು ತೆಗೀತೀನಿ. ಗಂಟೆನೂ ತರ್ತೀನಿ."

ಎಲ್ಲರೂ ಮುಖಮುಖ ನೋಡಿಕೊಂಡರು.

"ಊಟಕ್ಕೆ ಕರೆಯೋಕೆ ಕಣ್ರೋ," ಎಂದಳು.