ಎರಡು ಗೂಟಗಳ ನಡುವೆ

ನಮ್ಮ ಬೀದಿಯ ಫುಟ್‌ಪಾತ್ ಮೇಲೆ ಎಲ್ಲವೂ ಇರುತ್ತದೆ, ನಡೆಯುವವರಿಗೆ ಜಾಗ ಒಂದನ್ನು ಬಿಟ್ಟು. ಬೈಕು, ಅಂಗಡಿಯವರ ಬೋರ್ಡು, ಯಾರೋ ತಂದು ಸುರಿದು ಮರೆತ ಜಲ್ಲಿ. ನಗರಸಭೆಯಲ್ಲಿ ರಸ್ತೆಗಳ ನಕ್ಷೆ ಬರೆಯುವ ಕೆಲಸ ನನ್ನದು, ಹಾಗಾಗಿ ಬೀದಿಯವರ ಬೈಗುಳವೂ ನನಗೇ.

ಅಕ್ಕ ಮಾತ್ರ ಬೈಯುತ್ತಿರಲಿಲ್ಲ. ಅದೇ ನನಗೆ ಕಷ್ಟ. ಬೀದಿಯ ಆ ತುದಿಯಲ್ಲಿ ಅವಳ ಗಡಿಯಾರ ರಿಪೇರಿ ಅಂಗಡಿ. ಗಾಲಿಕುರ್ಚಿ ಹಿಡಿದು ಮೂರು ವರ್ಷವಾಯಿತು; ಬೆಳಿಗ್ಗೆ ಬಾವ ತಳ್ಳಿಕೊಂಡು ಹೋಗಬೇಕು, ಸಂಜೆ ನಾನು ತಳ್ಳಿಕೊಂಡು ಬರಬೇಕು. ಒಂದೇ ಸಲ ಹೇಳಿದ್ದಳು: "ಒಂದು ದಿನ ನನ್ನ ಅಂಗಡಿಗೆ ನಾನೇ ಹೋಗ್ಬೇಕು ಕಣೇ. ಯಾರಿಗೂ ಕಾಯದೆ."

ಅದಕ್ಕಾಗಿ ಕಚೇರಿಯಲ್ಲಿ ಎಷ್ಟು ಜನರ ಮುಂದೆ ಹಲ್ಲು ಗಿಂಜಿದೆನೋ, ಎಷ್ಟು ಜನರ ಹಿಂದೆ ಹಲ್ಲು ಕಡಿದೆನೋ! ಒಂದು ವರ್ಷ ಫೈಲಿನ ಬೆನ್ನು ಹತ್ತಿದ ಮೇಲೆ ಫುಟ್‌ಪಾತ್ ಅಗಲವಾಯಿತು, ಹತ್ತಲು ಇಳಿಜಾರು ಬಂತು. ಮೂರನೇ ದಿನ ಅದೇ ಇಳಿಜಾರಿನಲ್ಲಿ ಬೈಕುಗಳು ಹತ್ತತೊಡಗಿದವು. ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುವ ಜನ. ನನಗೆ ಮೈಯೆಲ್ಲ ಉರಿಯಿತು. ಇಳಿಜಾರಿನ ಬಾಯಿಗೆ ಎರಡು ಕಬ್ಬಿಣದ ಗೂಟ, ನಡುವೆ ಎಪ್ಪತ್ತೇ ಸೆಂಟಿಮೀಟರ್ ಎಂದು ಬರೆದುಕೊಟ್ಟೆ.

"ನಿಯಮದಲ್ಲಿ ತೊಂಬತ್ತು ಇದ್ಯಲ್ಲಮ್ಮ?" ಎಂದರು ಇಂಜಿನಿಯರ್ ಸಾಹೇಬರು.

"ತೊಂಬತ್ತು ಬಿಟ್ರೆ ಬೈಕ್ ನುಗ್ಗತ್ತೆ ಸರ್. ಕುರ್ಚಿ ನಮ್ಮನೇಲೇ ಇದೆ, ಟೇಪ್ ಹಿಡಿದು ಅಳೆದಿದೀನಿ. ಅರವತ್ತಾರು."

ಗೂಟ ನೆಟ್ಟ ಮರುದಿನ, ಸೋಮವಾರ ಬೆಳಿಗ್ಗೆ, ಬಾವನನ್ನೂ ನನ್ನನ್ನೂ ಬಾಗಿಲಲ್ಲೇ ನಿಲ್ಲಿಸಿ ಅಕ್ಕ ಒಬ್ಬಳೇ ಹೊರಟಳು. ಚಕ್ರ ತಿರುಗಿಸುತ್ತಾ ಗೂಟಗಳವರೆಗೆ ಹೋದಳು, ಒಳಗೆ ತೂರಿದಳು, ಅರ್ಧದಲ್ಲಿ ಚಿಟ್ಟನೆ ಚೀರಿ ನಿಂತುಬಿಟ್ಟಳು. ನಾನು ಓಡಿದೆ. ಮೇಸ್ತ್ರಿ ಅಲ್ಲೇ ಕಲ್ಲು ಕೂರಿಸುತ್ತಿದ್ದ.

"ಕಣ್ಣು ಎಲ್ಲಿಟ್ಟಿದ್ರಿ? ಗೂಟ ಹತ್ತಿರ ನೆಟ್ಟಿದೀರಲ್ಲ!"

ಅವನು ಟೇಪ್ ಎಳೆದ. ಎಪ್ಪತ್ತು. "ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ ನೋಡಿ ಮೇಡಂ. ನೀವು ಬರೆದಿದ್ದೇ."

ಆಗ ಅಕ್ಕನ ಕೈ ನೋಡಿದೆ. ಎರಡೂ ಕೈಯ ಬೆರಳ ಗೆಣ್ಣು ಸುಲಿದು ರಕ್ತ ಜಿನುಗುತ್ತಿತ್ತು. ಕುರ್ಚಿಗೆ ಜಾಗವಿತ್ತು. ಚಕ್ರ ತಿರುಗಿಸುವ ಕೈಗಳಿಗೆ ಇರಲಿಲ್ಲ. ನಾನು ಅಳೆದದ್ದು ಅವಳು ಮಲಗಿದ್ದಾಗ, ಗೋಡೆ ಪಕ್ಕ ಖಾಲಿ ನಿಂತಿದ್ದ ಕುರ್ಚಿಯನ್ನು. ಮೂರು ವರ್ಷ ತಳ್ಳಿ ತಳ್ಳಿ, ಆ ಕುರ್ಚಿಗೆ ಕೈಗಳೂ ಇವೆ ಎಂಬುದೇ ನನಗೆ ಮರೆತುಹೋಗಿತ್ತು.

ಪಕ್ಕದ ಗ್ಯಾರೇಜಿನ ಇಳಿಜಾರಿನಿಂದ ಒಬ್ಬ ಬೈಕಿನಲ್ಲಿ ಫುಟ್‌ಪಾತ್ ಹತ್ತಿ ಬಂದು ಹಾರ್ನ್ ಹೊಡೆದ. "ಸ್ವಲ್ಪ ದಾರಿ ಬಿಡ್ರಮ್ಮ!"

ಅವನನ್ನು ಅಲ್ಲೇ ಹಿಡಿದು ನಾಲ್ಕು ಬಾರಿಸಬೇಕು ಎನಿಸಿತು. ಅಕ್ಕನ ಕಡೆ ತಿರುಗಿದೆ. "ಗೂಟ ನಾಳೆನೇ ಕೀಳಿಸ್ತೀನಿ ಅಕ್ಕ," ಎಂದೆ. ನಾಳೆ ಎಂದರೆ ಇನ್ನೊಂದು ಫೈಲು, ಇನ್ನೊಂದು ವರ್ಷ. ಅದು ಅವಳಿಗೂ ಗೊತ್ತು.

ಅಕ್ಕ ಗಡಿಯಾರ ಬಿಚ್ಚುವ ಆ ಬೆರಳುಗಳನ್ನು ಒಂದೊಂದೇ ಮಡಿಸಿ ನೋಡಿಕೊಂಡಳು. ಆಮೇಲೆ ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ತಳ್ಳು," ಎಂದಳು. "ಅಂಗಡಿ ತೆಗೆಯೋ ಹೊತ್ತಾಯ್ತು."

ತಳ್ಳಿದೆ. ಕುರ್ಚಿ ಎಲ್ಲೂ ತಗುಲದೆ ಸಲೀಸಾಗಿ ದಾಟಿತು.