ಇಪ್ಪತ್ಮೂರನೇ ಹಾಳೆ

ದ್ರಾಕ್ಷಿ ವಾಸನೆ, ಯಾರೋ ಈಗಷ್ಟೇ ಮೆಟ್ಟಿಲು ಹತ್ತಿ ಹೋಗಿದ್ದಾರೆ, ದ್ರಾಕ್ಷಿಯೆಲ್ಲಿ ಬಂತು, ಇ-ಸಿಗರೇಟು, ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು, ನನ್ನ ಕೋಟಿನ ಜೇಬಿನಲ್ಲೂ ಒಂದಿದೆ — ಕೆಲಸ ನೋಡು ವಾನ್‌ರೋಂಗ್, ನಲವತ್ತೆರಡು ಹಾಳೆ, ಇಪ್ಪತ್ತು ಪ್ರಶ್ನೆ, ಒಂದೆಂದರೆ ಖಂಡಿತ ಒಪ್ಪುವುದಿಲ್ಲ, ಐದೆಂದರೆ ಪೂರ್ತಿ ಒಪ್ಪುತ್ತೇನೆ, ಯಾವ ವಿದ್ಯಾರ್ಥಿಯ ಮನಸ್ಸು ಆ ಹೊಗೆಯ ಕಡೆ ವಾಲಿದೆ, ನಾಳೆ ಯಾರು ಸೇದಬಹುದು ಎಂದು ಅಳೆಯುವುದು ನನ್ನ ಪ್ರಬಂಧ, ಆದರೆ ಇಲ್ಲಿ ಒಂದು, ಒಂದು, ಒಂದು, ನಲವತ್ತೊಂದು ಹಾಳೆಯಲ್ಲೂ ಬರೀ ಒಂದು, ನಡುವೆ ಈ ಇಪ್ಪತ್ಮೂರನೆಯದು. ಹದಿನೇಳನೇ ಪ್ರಶ್ನೆ, ಗೆಳೆಯರು ಕೊಟ್ಟರೆ ಬೇಡ ಎನ್ನಲು ನನ್ನಿಂದಾಗದು. ಐದಕ್ಕೆ ಸುತ್ತು ಹಾಕಿ, ಅದರ ಮೇಲೇ ಮತ್ತೆ ಮತ್ತೆ ಸುತ್ತಿ, ಪೆನ್ನು ಕಾಗದವನ್ನೇ ತೂತು ಮಾಡಿದೆ. ಹಾಳೆಗಳ ಕಟ್ಟು ತಂದಿಟ್ಟ ಕ್ಲಾಸ್ ಲೀಡರ್ ಷುಯೆಗೆ ಎಷ್ಟು ಹೆಮ್ಮೆ, ಅಕ್ಕಾ, ನೀವು ತಲೆ ಕೆಡಿಸ್ಕೋಬೇಡಿ, ಸರಿ ಉತ್ತರ ಎಲ್ಲಾ ಕ್ಲಾಸ್ ಗ್ರೂಪಿಗೆ ಹಾಕ್ಬಿಟ್ಟಿದ್ದೆ, ಒಬ್ಬ ಮಾತ್ರ ತಲೆಹರಟೆ, ಯಾರು ಅಂತ ಹುಡುಕ್ಲಾ? ಬೇಡ ಕಣೇ, ಬೇಡ. ಮನಸ್ಸಿಗೆಲ್ಲಿಯ ಸರಿ ಉತ್ತರ — ಆದರೆ ಬೈಯಲು ನನಗೆ ಬಾಯೆಲ್ಲಿದೆ, ನಾನು ಲೀಡರ್ ಆಗಿದ್ದಾಗ ಬೆಂಕಿ ಸುರಕ್ಷತೆಯ ಪರೀಕ್ಷೆಗೆ ಹೀಗೇ ಗ್ರೂಪಿಗೆ ಉತ್ತರ ಹಾಕುತ್ತಿದ್ದೆ, ಪಾಪ, ಇದೂ ಅಂಥದ್ದೇ ಪರೀಕ್ಷೆ ಅಂದುಕೊಂಡಿದ್ದಾಳೆ.

ಬೆಳಿಗ್ಗೆ ನನ್ನ ಪ್ರಬಂಧದ ಗೈಡ್ ಮಿಯಾವ್ ಮೇಡಂ ಚಹಾ ಎಲೆಗಳನ್ನು ಊದಿ ಸರಿಸುತ್ತಾ, ನೋಡಮ್ಮಾ, ಅದೊಂದನ್ನ ತೆಗ್ದ್ಹಾಕು, ಈ ತರಗತೀಲಿ ಯಾರಿಗೂ ಆ ಚಟ ಇಲ್ಲ ಅಂತ ಬರಿ, ಕಾಲೇಜಿಗೂ ಖುಷಿ. ಮೇಡಂ, ಉಳಿದದ್ದೆಲ್ಲಾ ನಕಲು. ನಕಲು ಅಂದ್ರೆ ಮೊದ್ಲಿಂದ ಶುರು ಮಾಡ್ಬೇಕು, ಜೂನ್‌ಗೆ ಡಿಗ್ರಿ ಇಲ್ಲ, ಮನೇಲಿ ಏನಂತ ಹೇಳ್ತೀಯ? ಏನಂತ ಹೇಳಲಿ, ಅಪ್ಪ ಆಗಲೇ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ, ಲ್ಯಾಪ್‌ಟಾಪಿಗೆ ಏರಿಸಿದ ಪಟ್ಟಿಯಲ್ಲಿ ಇಪ್ಪತ್ಮೂರನೆಯ ಒಂದು ಸಾಲು ಅಳಿಸಿದರೆ ಮುಗಿಯಿತು, ಕರ್ಸರ್ ಆ ಸಾಲಿನ ಮೇಲೇ ಮಿಟುಕುತ್ತಿದೆ, ಒತ್ತು, ಬೆರಳೇಕೆ ಏಳುತ್ತಿಲ್ಲ — ಮೊದಲ ವರ್ಷ, ಹಾಸ್ಟೆಲ್ಲಿನ ಆರು ಮಂಚದ ಕೋಣೆ, ಮೇಲಿನ ಮಂಚದಿಂದ ಇ-ಸಿಗರೇಟು ಹಿಡಿದ ತಾನ್ ಯೂಳ ಕೈ ಇಳಿದು ಬಂತು, ಏಯ್ ಒಂದ್ ಸಲ ಎಳಿಯೇ, ಸತ್ತೇನೂ ಹೋಗಲ್ಲ, ಐದೂ ಜನ ನನ್ನನ್ನೇ ನೋಡುತ್ತಿದ್ದರು, ಬೇಡವೆಂದರೆ ನಾಳೆ ಕ್ಯಾಂಟೀನಿನಲ್ಲಿ ಒಬ್ಬಳೇ ನೂಡಲ್ಸ್ ತಿನ್ನಬೇಕು, ಅಷ್ಟೇ ಭಯ, ಅಷ್ಟಕ್ಕೇ ಎಳೆದೆ, ಇಂದಿಗೂ ಬಿಟ್ಟಿಲ್ಲ. ಹದಿನೇಳನೇ ಪ್ರಶ್ನೆ ಹುಟ್ಟಿದ್ದೇ ಆ ಕೈಯಿಂದ. ಪ್ರಶ್ನೆಗಳು ಸರಿಯಿವೆಯೇ ಎಂದು ತರಗತಿಗೆ ಕೊಡುವ ಮುನ್ನ ಒಂದು ಹಾಳೆ ತುಂಬಿ ನೋಡಿದವಳೂ ನಾನೇ, ಹದಿನೇಳಕ್ಕೆ ಒಂದು ಹಾಕಿದ್ದೆ, ನನ್ನ ಪ್ರಶ್ನೆಗೆ ನಾನೇ ಸುಳ್ಳು, ನನ್ನ ಹೆಸರೂ ಇರಲಿಲ್ಲ ಅದರ ಮೇಲೆ, ಆದರೂ ಸುಳ್ಳು, ನಾಚಿಕೆಯಾಗುತ್ತಿದೆ. ಈ ಹುಡುಗನೋ ಹುಡುಗಿಯೋ, ಸರಿ ಉತ್ತರ ಮೊಬೈಲಿನಲ್ಲಿ ಕಣ್ಣೆದುರಿಗಿದ್ದರೂ ಐದಕ್ಕೇ ಸುತ್ತು ಹಾಕಿದ್ದಾರೆ, ಎಷ್ಟು ಒತ್ತಿ ಹಾಕಿದ್ದಾರೆ, ಬೆಳಕಿಗೆ ಹಿಡಿದರೆ ಕಿಟಕಿ ಕಾಣುತ್ತದೆ ಆ ತೂತಿನಲ್ಲಿ — ಸರಿ, ಒತ್ತಿದೆ, ಅಳಿಸಿದೆ, ಇಪ್ಪತ್ಮೂರನೆಯದನ್ನಲ್ಲ, ಉಳಿದ ನಲವತ್ತೊಂದನ್ನು, ಜೂನ್ ಹೋಯಿತು, ಅಪ್ಪ ಬೈಯಲಿ, ಖಾಲಿ ಹಾಳೆ ಎಲ್ಲಿದೆ, ಇಲ್ಲಿ, ಹದಿನೇಳು, ನನ್ನದು, ಐದು, ಒಂದು ಸುತ್ತು, ಇನ್ನೊಂದು, ಪೆನ್ನು ಕೆಳಗಿನ ಮೇಜಿಗೆ ತಾಗಿತು, ತೂತು.