ದೀಪದಷ್ಟು ಉರಿ

ಸಿಲಿಂಡರ್ ಮತ್ತೆ ಮುಗಿಯಿತು. ಅದೂ ಬೆಳಗಿನ ಹೊತ್ತು, ಹಂಚಿನ ಮೇಲೆ ರೊಟ್ಟಿ ಅರ್ಧ ಬೆಂದಿರುವಾಗ, ಬೈಲಹೊಂಗಲದ ಬಸ್ಸು ಇನ್ನೇನು ಬರುವುದರಲ್ಲಿರುವಾಗ. ಗ್ಯಾಸು ಎಂದಾದರೂ ಮಧ್ಯಾಹ್ನದ ಬಿಡುವಿನಲ್ಲಿ ಮುಗಿದದ್ದುಂಟೇ?

ಉಮಾಶ್ರೀ ರೆಗ್ಯುಲೇಟರ್ ತಿರುವಿದಳು, ಸಿಲಿಂಡರನ್ನು ಹಿಡಿದು ಅಲ್ಲಾಡಿಸಿದಳು. ಹಗುರ. ಮೊದಲು ಒಂದೂವರೆ ತಿಂಗಳು ಬರುತ್ತಿದ್ದದ್ದು ದೀಪಾವಳಿ ಆದಾಗಿನಿಂದ ತಿಂಗಳು ತುಂಬುವ ಮುಂಚೆಯೇ ಬರಿದಾಗುತ್ತಿತ್ತು. ಇದು ಮೂರನೆಯದು.

"ಮತ್ತ ಖಾಲಿ ಆತೇನು?" ಎಂದು ಪಡಸಾಲೆಯಿಂದ ಕೇಳಿದವನು ಅವಳ ಗಂಡ ಅರ್ಜುನ.

ಗ್ಯಾಸಿನ ವಿಷಯದಲ್ಲಿ ಅರ್ಜುನನೆಂದರೆ ಅವರೂರು ಸಂಗೊಳ್ಳಿಗೇ ಪಂಡಿತ. ಒಂದನೇ ತಾರೀಕು ಬಂತೆಂದರೆ ದರ ಏರಿತೋ ಇಳಿಯಿತೋ ಎಂದು ಮೊಬೈಲಿನಲ್ಲಿ ನೋಡಿ, ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದ. ಅರಬರ ನಾಡಿನಲ್ಲಿ ದರ ಕಟ್ಟುವುದು ಹೇಗೆ, ಡಾಲರ್ ಏರಿದರೆ ನಮ್ಮ ಒಲೆಗೆ ಯಾಕೆ ಬಿಸಿ ತಟ್ಟುತ್ತದೆ, ಹೋಟೆಲಿನ ಸಿಲಿಂಡರಿಗೆ ಒಂದು ದರ, ಮನೆಯದಕ್ಕೆ ಇನ್ನೊಂದು ಯಾಕೆ, ಎಲ್ಲ ಬಾಯಿಪಾಠ. ಕೇಳಿದವರು ತಲೆದೂಗಿ, ಅವನ ಲೆಕ್ಕದಲ್ಲೇ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಗ್ಯಾಸಿನ ಹಡಗು ಯಾವ ಬಂದರಿನಿಂದ ಹೊರಟಿತೆಂದು ಬಲ್ಲ ಈ ಮಹಾಶಯನಿಗೆ ತನ್ನ ಮನೆಯ ಲೈಟರ್ ಯಾವ ಗೂಡಿನಲ್ಲಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

"ಇನ್ನೊಂದ ಸಿಲಿಂಡರ ನೋಡತೇನಿ," ಎಂದ ಅವನು, ಅಡುಗೆಮನೆಯ ಬಾಗಿಲಿಗೆ ಬಂದು. "ಅದೂ ತಿಂಗಳದಾಗ ಖಾಲಿ ಆತಂದ್ರ ನೀ ಅಂಗಡಿಗೆ ಹೋಗೂದ ಬಂದ್. ಬಸ್ ತಪ್ಪತೈತಿ ಅಂತ ದೊಡ್ಡ ಉರಿ ಹಚ್ಚಿ ಅಡಗಿ ಮಾಡ್ತಿ. ನಿನ್ನ ಪಗಾರೆಲ್ಲಾ ಒಲಿಗೇ ಹೋಗಾಕ ಹತ್ತೈತಿ."

ಬೈಲಹೊಂಗಲ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವುದು ಉಮಾಶ್ರೀಯ ಕೆಲಸ. ಪಗಾರ ದೊಡ್ಡದಲ್ಲ, ನಿಜ. ಆದರೆ ಲಗ್ನದ ಜವಳಿಗೆ ಬಂದ ಹೆಂಗಸರು "ಆ ಸಂಗೊಳ್ಳಿ ಉಮಕ್ಕ ಎಲ್ಲಿ ಅದಾಳ್ರಿ?" ಎಂದು ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದರು. ಮನೆಯಲ್ಲಿ ಅವಳು ಸೊಸೆ, ಹೆಂಡತಿ. ಹೆಸರು ಸಿಕ್ಕಿದ್ದು ಆ ಅಂಗಡಿಯಲ್ಲಿ.

ಹೊಸ ಸಿಲಿಂಡರ್ ಬಂದ ದಿನದಿಂದ ಅವಳು ಒಲೆಗೆ ಕಾವಲು ಕೂತಳು. ಬೇಳೆಯನ್ನು ರಾತ್ರಿಯೇ ನೆನೆ ಹಾಕಿದಳು, ಕಾಳನ್ನು ಕುಕ್ಕರಿಗೆ ಹಾಕಿದಳು, ಪಾತ್ರೆಗೆಲ್ಲ ಮುಚ್ಚಳ ಹಾಕಿದಳು. ಬರ್ನರ್ ತೂತುಗಳನ್ನು ಸೂಜಿಯಿಂದ ಬಿಡಿಸಿದಳು. ಪೈಪಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತವೋ ಎಂದು ಕಣ್ಣು ಕಿರಿದು ಮಾಡಿ ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಎರಡನೇ ಸಲ ಚಹಾ ಕುಡಿಯುವುದನ್ನೇ ಬಿಟ್ಟಳು. ಇಷ್ಟಾದರೂ ಮೂರನೇ ವಾರಕ್ಕೆ ಸಿಲಿಂಡರ್ ಅಲ್ಲಾಡಿಸಿದರೆ ಅದೇ ಹಗುರ!

ಹಾಗಾದರೆ ಕೊಡುವವರೇ ಕಡಿಮೆ ಕೊಡುತ್ತಿರಬೇಕು ಎಂದು ಅವಳಿಗೆ ಖಾತ್ರಿಯಾಯಿತು. ಗ್ಯಾಸಿನ ಗಾಡಿ ಊರಿಗೆ ಬಂದ ದಿನ ಎಲ್ಲರೆದುರು ಗಾಡಿಯ ಲಕ್ಕಪ್ಪನನ್ನು ತಡೆದು ನಿಲ್ಲಿಸಿದಳು.

"ತೂಕ ಮಾಡಿ ತೋರಸ್ರಿ. ಅರ್ಧಾ ತುಂಬಿ ಪೂರಾ ರೊಕ್ಕಾ ತಗೊಳಾಕ ಹತ್ತೀರಿ ನೀವು."

ಲಕ್ಕಪ್ಪ ಕೊಕ್ಕೆಯ ತಕ್ಕಡಿ ತೆಗೆದು, ಕೈಗೆ ಸಿಕ್ಕ ಸಿಲಿಂಡರುಗಳನ್ನು ಒಂದೊಂದಾಗಿ ತೂಗಿ ತೋರಿಸಿದ. ಎಲ್ಲವೂ ಸರಿಯಾಗಿದ್ದವು. "ಅಕ್ಕಾರ, ನಿಮ್ಮ ಮನ್ಯಾಗ ಗುಟ್ಟಲೆ ಯಾರದರ ಲಗ್ನಾ ಮಾಡೀರೇನ್ರಿ?" ಎಂದು ಅವನು ಕೇಳಿದ್ದಕ್ಕೆ ಸುತ್ತ ನಿಂತವರೆಲ್ಲ ನಕ್ಕರು. ಉಮಾಶ್ರೀ ಸೆರಗು ಎಳೆದುಕೊಂಡು ಮನೆಗೆ ಬಂದಳು. ಸಿಟ್ಟು ಯಾರ ಮೇಲೆ ಎಂದು ಅವಳಿಗೇ ತಿಳಿಯದಷ್ಟು ಸಿಟ್ಟು ಬಂದಿತ್ತು.

ಅದಾಗಿ ಎರಡೇ ದಿನ. ಅಂಗಡಿಯ ಮಾಲಕರ ಬೀಗರ ಮನೆಯಲ್ಲಿ ಯಾರೋ ತೀರಿಕೊಂಡರೆಂದು ಮಧ್ಯಾಹ್ನವೇ ಬಾಗಿಲು ಹಾಕಿದರು. ಉಮಾಶ್ರೀ ಮನೆಗೆ ಬಂದಾಗ ಅತ್ತೆ ಬಾಯವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನೀರು ಕುಡಿಯಲೆಂದು ಅಡುಗೆಮನೆಗೆ ಹೋದ ಉಮಾಶ್ರೀ ತಂಬಿಗೆ ಹಿಡಿದು ಹಾಗೇ ನಿಂತುಬಿಟ್ಟಳು.

ಒಲೆಯ ಮೇಲೆ ಹಾಲಿನ ಪಾತ್ರೆ. ಅದರ ಕೆಳಗೆ ಸಣ್ಣದೊಂದು ನೀಲಿ ಉರಿ.

"ಅತ್ತೀ, ಈ ಹಾಲ ಯಾವಾಗಿಂದ ಒಲಿ ಮ್ಯಾಲ ಐತ್ರಿ?"

"ನೀ ಬಸ್ಸಿಗೆ ಹ್ವಾದ ಮ್ಯಾಲ ಇಟ್ಟೇನವಾ. ನೀ ಬರೂದರಾಗ ಇಳಸತೇನಿ. ದಿನಾ ಹಂಗ. ಹಾಲ ಕೆಂಪಗಾಗಬೇಕಂದ್ರ ಸಂಜೀತನಕ ಕಾಯಬೇಕಲ್ಲ."

"ಸಂಜೀತನಕ! ಗ್ಯಾಸಿನ ಮ್ಯಾಲ!"

"ಅಯ್ಯ, ಅದೇನ ಉರಿ ಅಂತ ಬಾಯಿ ಮಾಡ್ತಿ? ದೀಪದಷ್ಟ ಐತಿ. ಅದಕ್ಕೆಷ್ಟ ಗ್ಯಾಸ್ ಹೋದೀತು? ಹಿತ್ತಲದಾಗಿನ ಒಲಿ ಕಿತ್ತ ಒಗದಾನಲ್ಲ ನಿನ್ನ ಗಂಡ, ಮತ್ತೆಲ್ಲಿ ಇಡಲಿ ಹೇಳು."

ಆಗ ಉಮಾಶ್ರೀಗೆ ಎಲ್ಲ ತಿಳಿಯಿತು. ಹಿತ್ತಲಲ್ಲಿ ಹಾಲಿಗೆಂದೇ ಒಂದು ಸಣ್ಣ ಮಣ್ಣಿನ ಒಲೆಯಿತ್ತು. ಬಾಯವ್ವ ಮುಂಜಾನೆ ಅದರಲ್ಲಿ ಎರಡು ಸಗಣಿ ಕುಳ್ಳು ಇಟ್ಟು ಬೂದಿ ಮುಚ್ಚಿದರೆ ಎಮ್ಮೆಯ ಹಾಲು ದಿನವಿಡೀ ಕಾದು ಬೆರಳು ದಪ್ಪ ಕೆನೆ ಕಟ್ಟುತ್ತಿತ್ತು. ದೀಪಾವಳಿಗೆ ಹಿತ್ತಲಿಗೆ ಟೈಲ್ಸ್ ಹಾಕಿಸಿದ ಅರ್ಜುನ, ಹೊಗೆಯಿಂದ ಗೋಡೆ ಕಪ್ಪಾಗುತ್ತದೆಂದು ಆ ಒಲೆಯನ್ನು ಕೆಡವಿಸಿದ್ದ. ಕುಳ್ಳು ತಗಡಿನ ಕೆಳಗೆ ಒಟ್ಟಿದ್ದು ಒಟ್ಟಿದಂತೆಯೇ ಇತ್ತು. ಹಾಲು ಗ್ಯಾಸಿಗೆ ಬಂದಿತ್ತು. ಉಮಾಶ್ರೀ ಒಲೆಯ ಗುಂಡಿ ತಿರುವಿ ಉರಿ ಆರಿಸಿದಳು.

ರಾತ್ರಿ ಅರ್ಜುನ ಉಣ್ಣಲು ಕೂತ. ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಕೆನೆಮೊಸರು. "ಮಸರ ಅಂದ್ರ ಇದ ನೋಡವಾ," ಎಂದು ತಾಯಿಗೆ ಹೇಳಿದ. "ಪ್ಯಾಟ್ಯಾಗ ರೊಕ್ಕಾ ಕೊಟ್ರೂ ಸಿಗೂದಿಲ್ಲ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಸಿಲಿಂಡರ ಎತ್ತಿ ನೋಡೇನಿ. ಹಗರ ಆಗೈತಿ. ಒಂದನೇ ತಾರೀಕಿಂದ ಬರೂದಿಲ್ಲಂತ ಮಾಲಕರಿಗೆ ಹೇಳಿಬಿಡು," ಎಂದ.

ಉಮಾಶ್ರೀ ಇನ್ನೊಂದು ಸೌಟು ಮೊಸರು ಬಡಿಸಿದಳು.

"ತಿನ್ರಿ. ಎಲ್ಲಾ ರೇಟ್ ನಿಮಗ ಗೊತ್ತೈತಿ, ಇದೊಂದರದ ಗೊತ್ತಿಲ್ಲ. ಇದು ಮುಂಜಾನಿಂದ ಸಂಜೀತನಕ ಗ್ಯಾಸಿನ ಮ್ಯಾಲ ಕಾದದ್ದು. ದಿನಾ. ಈ ಕೆನಿ ಸಲವಾಗಿ ನನ್ನ ನೌಕರಿ ಹೊಂಟೈತಿ."

ಅರ್ಜುನನ ಕೈ ಬಾಯಿಗೆ ಹೋಗದೆ ನಿಂತಿತು. ತಾಯಿಯನ್ನು ನೋಡಿದ, ತಾಟನ್ನು ನೋಡಿದ. "ಹೋಗ್ಲಿ ಬಿಡು," ಎಂದ ಕೊನೆಗೆ. "ವಯಸ್ಸಾದಾಕಿ, ಆಕೀಗೇನ ತಿಳೀತೈತಿ? ಎಷ್ಟರೆ ಗ್ಯಾಸ್ ಹೋದೀತು."

ಉಮಾಶ್ರೀಯ ಮೈಯೆಲ್ಲ ಉರಿಯಿತು. ಮೂರು ಸಿಲಿಂಡರುಗಳನ್ನು ತನ್ನ ತಲೆಗೆ ಕಟ್ಟಿದ ಬಾಯಿ ಇದು. ತಾನು ಬಿಟ್ಟ ಚಹಾ, ಊರ ಮುಂದೆ ಪಟ್ಟ ಅವಮಾನ, ಯಾವುದಕ್ಕೂ ಇವನ ಬಾಯಿಂದ 'ಹೋಗ್ಲಿ ಬಿಡು' ಬಂದಿರಲಿಲ್ಲ. ಅವಳು ಬಾಯಿ ತೆರೆಯುವುದರೊಳಗೆ ಬಾಯವ್ವನೇ ಮಾತಾಡಿದಳು.

"ನನಗೇನ ತಿಳೀತೈತಿ ಅಂತೀಯಲ್ಲೋ? ಒಲಿ ಕೆಡವಬ್ಯಾಡ ಅಂದಾಗ ಕೇಳಿದೇನ? ಕೆನಿ ಯಾಕ ತೆಳ್ಳಗಾತು ಅಂತ ಮಾರಿ ಗಂಟ ಹಾಕ್ಕೊಂಡ ಕುಂತಾವ ನೀನ. ಅದಕ್ಕ ಇಟ್ಟೆ. ಹುಡುಗಿ ನೌಕರಿಗೆ ಕುತ್ತ ಬರತೈತಿ ಅಂತ ಗೊತ್ತಿದ್ರ ಇಡತಿದ್ದಿಲ್ಲ. ನಾಳಿಂದ ಒಂದ ಉಕ್ಕ ಬಂದ ಕೂಡ್ಲೇ ಇಳಸತೇನಿ."

ಮರುದಿನದ ಹಾಲು ಹಾಗೇ ಇಳಿಯಿತು. ಅದರ ಮರುದಿನ ತಾಟಿಗೆ ಬಂದ ಮೊಸರು ಬೆಳ್ಳಗೆ, ತೆಳ್ಳಗೆ ಇತ್ತು. ಅರ್ಜುನ ಬೆರಳಾಡಿಸಿ ನೋಡಿ, ಸಪ್ಪೆ ಮುಖ ಮಾಡಿ ಉಂಡು ಎದ್ದ. ಆ ಸಿಲಿಂಡರ್ ತಿಂಗಳು ದಾಟಿ ಆರು ದಿನ ಬಂತು. ನೌಕರಿಯ ಮಾತು ಅವನು ಮತ್ತೆ ಎತ್ತಲಿಲ್ಲ. ತಪ್ಪಾಯಿತು ಎಂದೂ ಅನ್ನಲಿಲ್ಲ.

ಸೋಮವಾರ ಮುಂಜಾನೆ ಡಬ್ಬಿ ಕಟ್ಟಿಕೊಂಡು ಹೊರಟ ಉಮಾಶ್ರೀಗೆ ಹಿತ್ತಲಿನಿಂದ ಟಕಟಕ ಸದ್ದು ಕೇಳಿತು. ಹೋಗಿ ನೋಡಿದರೆ ಅರ್ಜುನ ಪಂಚೆ ಮೇಲೆ ಕಟ್ಟಿ, ತಾನೇ ಹಾಕಿಸಿದ ಟೈಲ್ಸನ್ನು ಉಳಿಯಿಂದ ಎಬ್ಬಿಸುತ್ತಿದ್ದ. ಪಕ್ಕದಲ್ಲಿ ಕಲಸಿದ ಮಣ್ಣಿನ ಗುಡ್ಡೆ ಇತ್ತು. ಒಂದು ಗಳಿಗೆ ಅವಳ ಮನಸ್ಸು ಮೆತ್ತಗಾಯಿತು. ಈಗಲಾದರೂ ಒಂದು ಮಾತು ಆಡಿಯಾನು ಎಂದು ಕಾದು ನಿಂತಳು.

ಅವನು ತಲೆ ಎತ್ತಿದ. "ಒಲಿ ಬಾಯಿ ಯಾಕಡೆ ಮಾಡ್ಲಿ? ಮದಲಿನಂಗ ಕೆನಿ ಬರಬೇಕ ನೋಡ."

ಹೆಂಡತಿಯ ನೌಕರಿ ಹೋಗುವಾಗ ಕಡ್ಡಿ ಅಲ್ಲಾಡಿಸದವನು ಕೆನೆ ಹೋದದ್ದಕ್ಕೆ ನೆಲ ಅಗೆಯುತ್ತಿದ್ದ. ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು.

"ಕೆನಿ ತಿನ್ನಾವ್ರು ನೀವು, ಯಾಕಡೆ ಬೇಕೋ ಆಕಡೆ ಮಾಡ್ಕೋರಿ," ಎಂದಳು ಉಮಾಶ್ರೀ. "ಹೊತ್ತಿಗೆ ಸರಿಯಾಗಿ ಕುಳ್ಳೂ ನೀವ ಹಾಕ್ರಿ. ನನ್ನ ಬಸ್ ಬಂತು."